ಅಡುಗೆಮನೆಯಲ್ಲಿ ತೆಗೆದ ವಿಡಿಯೋ

ಬೆಳಿಗ್ಗೆ ಕಾಫಿ ಕುಡಿಯುತ್ತಾ ತಂತ್ರಜ್ಞಾನದ ಸುದ್ದಿ ಓದುವುದು, ಓದಿದ್ದಕ್ಕೆಲ್ಲ ಗಟ್ಟಿಯಾಗಿ ಬೈಯುವುದು ನನ್ನ ಹಳೆಯ ಚಾಳಿ. ಎದುರು ಕೂತ ಗಂಡ ಕಿವಿ ಕೇಳದವರ ಹಾಗೆ ಚಕ್ಕುಲಿ ಮುರಿಯುತ್ತಿರುತ್ತಾರೆ. ಯಾವನೋ ಒಬ್ಬ ವೇದಿಕೆ ಮೇಲೆ ನಿಂತು, ಇನ್ನು ಫೋನಿಗೆ ಈ ದೇಶದ ಎಲ್ಲ ಭಾಷೆಗಳೂ ಬರುತ್ತವೆ, ಜನರ ನಡುವಿನ ಗೋಡೆಗಳೆಲ್ಲ ಬಿದ್ದುಹೋದವು ಎಂದು ಸಾರಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ನನ್ನ ಹೊಟ್ಟೆಪಾಡು ಅದೇ. ಐರೋಲಿಯ ಈ ಫ್ಲ್ಯಾಟಿನಲ್ಲಿ ಕೂತು, ಯಂತ್ರ ಬರೆದ ಕನ್ನಡವನ್ನು ತಿದ್ದಿ ಕಳಿಸುತ್ತೇನೆ. ಆನ್‌ಲೈನಿನಲ್ಲಿ ಸೀರೆ ಕೊಳ್ಳಲು ಹೋದವಳಿಗೆ ಅದು ‘ನಿಮ್ಮ ಬಂಡಿ ಖಾಲಿಯಿದೆ’ ಎನ್ನುತ್ತದೆ. ಅಂಥದ್ದನ್ನು ದಿನವಿಡೀ ನೋಡುವವಳಿಗೆ ಗೋಡೆ ಬಿದ್ದ ಸುದ್ದಿ ಹೇಳಿದರೆ ನಂಬುವುದು ಹೇಗೆ?

ನನ್ನ ಇನ್ನೊಂದು ಶತ್ರು ನಮ್ಮ ಸೊಸೈಟಿಯ ಗೇಟಿನ ಆಪ್. ಮೊದಲು ವಾಚ್‌ಮನ್ ಮುಖ ನೋಡಿ ಒಳಗೆ ಬಿಡುತ್ತಿದ್ದ. ಈಗ ಅವನು ಮುಖದ ಫೋಟೋ ತೆಗೆಯುತ್ತಾನೆ, ನನ್ನ ಫೋನು ಕಿರುಚುತ್ತದೆ, ನಾನು ಹಸಿರು ಗುಂಡಿ ಒತ್ತಬೇಕು. ಮನೆಗೆಲಸಕ್ಕೆ ಬರುವವರಿಗೆ ಅದರಲ್ಲಿ ಸ್ಟಾರ್ ಬೇರೆ ಕೊಡಬಹುದು, ಹೋಟೆಲಿನ ಇಡ್ಲಿಗೆ ಕೊಟ್ಟಂತೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾವ ಮನೆಯಲ್ಲಿ ಎಷ್ಟು ಹೊತ್ತು ಇದ್ದರು, ಎಲ್ಲವೂ ಎಲ್ಲರಿಗೂ ಕಾಣುತ್ತದೆ. ನೋಡುವ ನಮ್ಮ ಹಾಜರಿ ಮಾತ್ರ ಎಲ್ಲಿಯೂ ದಾಖಲಾಗುವುದಿಲ್ಲ. ಇದನ್ನು ಮೀಟಿಂಗಿನಲ್ಲಿ ಹೇಳಿದಾಗ ಸೆಕ್ರೆಟರಿ ನಕ್ಕು, “ಮ್ಯಾಡಮ್, ಸೇಫ್ಟಿ ಕೆ ಲಿಯೆ ಹೈ” ಎಂದರು. ಸುರಕ್ಷತೆ ಎಂಬ ಆ ಮಾತಿನ ಮುಂದೆ ಯಾರ ಮಾತೂ ನಡೆಯುವುದಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವಳು ಕಲಬುರಗಿ ಕಡೆಯವಳು. ದಿಘಾದ ಗುಡ್ಡದ ಕೊಳೆಗೇರಿ ಬಸ್ತಿಯಲ್ಲಿ ಒಂದೇ ಕೋಣೆಯ ಬಾಡಿಗೆ ಖೋಲಿ, ಲೋಡಿಂಗ್ ಕೆಲಸಕ್ಕೆ ಹೋಗುವ ಗಂಡ, ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಮಗಳು. ಮನೆತನದಲ್ಲೇ ಹತ್ತನೆಯದರ ತನಕ ಬಂದ ಮೊದಲ ಹೆಣ್ಣು ಆ ಮಗಳು. ತಾಯಿ ತಲೆ ಮೇಲೆ ಸೆರಗು ಹೊದ್ದು ಬರುತ್ತಿದ್ದಳು, ಶುಕ್ರವಾರ ಬೇಗ ಹೋಗುತ್ತಿದ್ದಳು. ಅವಳ ಹೆಸರು ಕೇಳಿದರೆ ಸಾಕು, ನಮ್ಮ ಸೊಸೈಟಿಯ ವಾಟ್ಸಾಪ್ ಗ್ರೂಪಿನ ಅರ್ಧ ಜನರಿಗೆ ಅವಳ ಊರು ಯಾವುದೆಂದು ತಿಳಿಯುವ ಅಗತ್ಯವೇ ಇರಲಿಲ್ಲ.

ನಾನು ಡೊಂಬಿವಲಿಯಲ್ಲಿ ಹುಟ್ಟಿದವಳು, ಅಪ್ಪ ಅಮ್ಮ ಕುಂದಾಪುರದವರು. ಮನೆಯ ಕನ್ನಡಕ್ಕೂ ಅವಳ ಕನ್ನಡಕ್ಕೂ ಸಂಬಂಧವೇ ಇಲ್ಲ ಎನ್ನಬಹುದು. ಮೊದಮೊದಲು ಅವಳು ಹೇಳಿದ್ದು ನನಗೆ ಅರ್ಧ ತಿಳಿಯುತ್ತಿತ್ತು, ನಾನು ಹೇಳಿದ್ದಕ್ಕೆ ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆದರೂ ಹಗಲು ಹೊತ್ತು ನನ್ನೊಡನೆ ಕನ್ನಡ ಆಡುವ ಜೀವ ಅವಳೊಬ್ಬಳೇ. ಮಗ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಗಂಡ ಉತ್ತರವನ್ನೇ ಕೊಡುವುದಿಲ್ಲ. ಅವಳು ರೊಟ್ಟಿ ಬಡಿಯುತ್ತಾ ಬಸ್ತಿಯ ಸುದ್ದಿ ಹೇಳುವುದನ್ನು ಕೇಳಲೆಂದೇ ನಾನು ಕಂಪ್ಯೂಟರ್ ಬಿಟ್ಟು ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಅವಳನ್ನು ನಾನು ಇಷ್ಟಪಡುತ್ತಿದ್ದೆ.

ಒಂದು ದಿನ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ದೇಶದ ಗಡಿ ದಾಟಿ ಬಂದವರು ನಮ್ಮ ಕಟ್ಟಡಗಳಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಾರೆ, ಎಚ್ಚರ ಎಂದು. ಎಲ್ಲಿಯದು, ಯಾವಾಗಿನದು, ಏನೂ ಇರಲಿಲ್ಲ. ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದವು. ರಾಜಕೀಯದವರು ಟಿವಿಯಲ್ಲಿ ಕೂಗಿದ್ದು ನಮ್ಮ ಲಿಫ್ಟಿನ ತನಕ ಹೀಗೆಯೇ ಬರುತ್ತದೆ. ಆ ಪಕ್ಷ ಈ ಪಕ್ಷ ಎಂದು ನಾನು ಭೇದ ಮಾಡುವುದಿಲ್ಲ. ಹೀಗೆ ಕೂಗಿದರೆ ಒಂದು ವೋಟೂ ಹೋಗುವುದಿಲ್ಲ ಎಂದು ಎಲ್ಲ ಪಕ್ಷದವರಿಗೂ ಗೊತ್ತಿದೆ. ಮರುದಿನವೇ ಕಮಿಟಿ, ಕೆಲಸದವರ ‘ವೆರಿಫಿಕೇಶನ್’ ಆಗಬೇಕು ಎಂದಿತು. ಅವಳು ಗೇಟಿನಲ್ಲಿ ಆಧಾರ್ ತೋರಿಸಿದಳು. ಕಮಿಟಿಯವರು, ಈಗ ಆಧಾರ್ ಯಾರ ಹತ್ತಿರ ತಾನೇ ಇಲ್ಲ ಎಂದರು. ಆಪಿನಲ್ಲಿ ಅವಳ ಮುಖದ ಮೇಲೆ, ಒಳಗೆ ಬಿಡಬಾರದೆಂಬ ಕೆಂಪು ಗುರುತು ಬಿತ್ತು.

ನಾನು ಧಡಧಡ ಕೆಳಗಿಳಿದು ಹೋದೆ. ಅವಳು ಗೇಟಿನ ಹೊರಗೆ ಚಪ್ಪಲಿ ಅಂಗಡಿಯ ನೆರಳಿನಲ್ಲಿ ನಿಂತಿದ್ದಳು. ಸೆಕ್ರೆಟರಿ ಸಭ್ಯ ಮನುಷ್ಯ, ಅದು ಇನ್ನೂ ದೊಡ್ಡ ತೊಂದರೆ. ಜಗಳ ಆಡುವುದಕ್ಕೂ ಬಿಡುವುದಿಲ್ಲ. ಭಾಷೆ ಯಾವುದೆಂದು ಹೇಳುವ ಆಪ್ ತೆರೆದು, ಫೋನನ್ನು ಅವಳ ಬಾಯಿ ಹತ್ತಿರ ಹಿಡಿದು ಏನಾದರೂ ಮಾತಾಡು ಎಂದರು. ಅವಳು ಮಾತಾಡಿದಳು. ಫೋನು ಸ್ವಲ್ಪ ಯೋಚಿಸಿ ಅದು ತೆಲುಗು ಎಂದಿತು, ಮತ್ತೊಮ್ಮೆ ಕೇಳಿ ಬಂಗಾಳಿ ಇರಬಹುದು ಎಂದಿತು. ಗಡಿಯಾಚೆಯಲ್ಲೂ ಆಡುವುದು ಅದೇ ಭಾಷೆ; ಸೆಕ್ರೆಟರಿ ನನ್ನ ಕಡೆ ನೋಡಿದರು.

“ಅವಳು ಆಡುವುದು ಕನ್ನಡ. ನಾನು ಕನ್ನಡದವಳು, ನಾನು ಹೇಳುತ್ತಿದ್ದೇನೆ,” ಎಂದು ಹಿಂದಿಯಲ್ಲಿ ಹೇಳಿದೆ.

“ಆಪ್ ಪೆ ಭರೋಸಾ ಹೈ, ಮ್ಯಾಡಮ್. ಲೇಕಿನ್ ಗ್ರೂಪ್ ಮೆ ಸಬ್ ಪೂಛೇಂಗೆ,” ಎಂದರು. ನನ್ನ ಮೇಲೆ ನಂಬಿಕೆಯಿದೆಯಂತೆ, ಗ್ರೂಪಿನವರು ಕೇಳಿದರೆ ತೋರಿಸಲು ಏನಾದರೂ ಬೇಕಂತೆ.

ಆಗ ನನಗೆ ಒಂದು ದೊಡ್ಡ ಉಪಾಯ ಹೊಳೆಯಿತು. ಅವಳ ಕನ್ನಡವನ್ನೇ ಎಲ್ಲರಿಗೂ ಕೇಳಿಸಿಬಿಟ್ಟರೆ? ಕನ್ನಡವನ್ನು ಒಮ್ಮೆ ಕಿವಿಯಾರೆ ಕೇಳಿದ ಮೇಲೆ ಯಾರಿಗಾದರೂ ಅನುಮಾನ ಉಳಿದೀತೇ ಎಂದು ನನಗೆ ಅನ್ನಿಸಿತು. ಈ ಊರಿನಲ್ಲಿ ಇಷ್ಟು ವರ್ಷ ಬದುಕಿಯೂ ಆ ಜಂಬ ನನಗಿತ್ತು. ನಮ್ಮ ಸಂಘಗಳ ವೇದಿಕೆಗಳಲ್ಲಿ ಕನ್ನಡದ ಇಂಪು, ಕಂಪು ಎಂದು ಕೇಳಿ ಕೇಳಿ ಬೆಳೆದವರಿಗೆ ಮಾತ್ರ ಬರುವ ಹುಚ್ಚು ಅದು.

ನನ್ನ ಜವಾಬ್ದಾರಿ ಎಂದು ಸೆಕ್ರೆಟರಿಗೆ ಹೇಳಿ, ಅವಳನ್ನು ಮೇಲೆ ಕರೆದುಕೊಂಡು ಹೋಗಿ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

“ಇದೆಲ್ಲ ಯಾಕ ಬೇಕ್ರಿ ಅಕ್ಕಾ? ನಾನೇ ಆ ಸಾಹೇಬರ ಮುಂದ ಹೋಗಿ ನಿಂದ್ರತೀನಿ.”

“ನೀನು ನಿಂತ್ರೆ ಅವರು ನಿನ್ನ ಸೆರಗು ನೋಡ್ತಾರೆ ಮಾರಾಯ್ತಿ. ಮಾತು ಕೇಳುದಿಲ್ಲ. ನಾಲ್ಕು ಮಾತು ಆಡು, ಮುಗೀತು.”

ಗಂಡ ಬಾಗಿಲಿನಲ್ಲಿ ನಿಂತು, “ನಿಂಗೆಂತಕ್ಕೆ ಇದೆಲ್ಲ? ಸುಮ್ನಿರುಕಾತಿಲ್ಯಾ?” ಎಂದರು. ನಾನು ಸುಮ್ಮನಿರುವವಳಾಗಿದ್ದರೆ ಬೆಳಿಗ್ಗೆ ಪತ್ರಿಕೆಯ ಜೊತೆ ಯಾಕೆ ಜಗಳವಾಡುತ್ತಿದ್ದೆ? ಕ್ಯಾಮೆರಾ ಹಿಡಿದೆ. ಊರು ಯಾವುದು, ಅಪ್ಪ ಏನು ಮಾಡುತ್ತಿದ್ದರು, ಇಲ್ಲಿಗೆ ಯಾಕೆ ಬಂದೆ, ಈಗ ಇರುವುದು ಎಲ್ಲಿ ಎಂದು ಕೇಳಿದೆ. “ಭೀಮಾ ದಂಡಿ ಮ್ಯಾಲ ಅದರಿ ನಮ್ಮೂರು,” ಎಂದು ಶುರು ಮಾಡಿದವಳು ಮೆಲ್ಲಗೆ ಹುರುಪುಗೊಂಡು, ಹೊಳೆ ಬಂದಾಗ ಮನೆಯ ಗೋಡೆ ಕುಸಿದದ್ದು, ತಾಯಿ ಕಲಿಸಿದ ರೊಟ್ಟಿಯ ಹದ, ದಿಘಾದ ಬಸ್ತಿ, ಮಗಳ ಶಾಲೆ, ಎಲ್ಲವನ್ನೂ ಹೇಳಿದಳು. ಹೇಳುವಾಗ ಅವಳ ಮುಖ ಬಹಳ ಚೆನ್ನಾಗಿ ಕಾಣುತ್ತಿತ್ತು. ನಾನು ಅದನ್ನು ಗ್ರೂಪಿಗೆ ಹಾಕಿ, ಇದು ಕನ್ನಡ, ಇವಳು ಕರ್ನಾಟಕದವಳು, ಇನ್ನು ಸಾಕು ಮಾಡಿ ಎಂದು ಖಾರವಾಗಿ ಬರೆದೆ.

ಕೆಲವರು ಹೆಬ್ಬೆಟ್ಟು ಎತ್ತಿದರು. ಕೆಂಪು ಗುರುತು ಹೋಯಿತು. ಅವಳು ಮರುದಿನ ಊರಿನ ಶೇಂಗಾ ಚಟ್ನಿ ಪುಡಿ ತಂದುಕೊಟ್ಟಳು. ನಾನು ಗಂಡನ ಮುಂದೆ ಸ್ವಲ್ಪ ಮೆರೆದೆ, ಅದನ್ನೂ ಹೇಳಬೇಕು.

ಹೆಚ್ಚು ದಿನ ಆಗಿರಲಿಲ್ಲ, ಸೀವುಡ್ಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಒಂದು ವಿಡಿಯೋ ಕಳಿಸಿದಳು. ‘ಅಕ್ಕ, ನಿಮ್ಮ ಐರೋಲಿ ಕಡೆಯದ್ದಂತೆ, ಬಾಗಿಲು ಸರಿ ಹಾಕಿಕೊ’ ಎಂದು ಬರೆದಿದ್ದಳು. ತೆರೆದು ನೋಡಿದರೆ ನನ್ನದೇ ಅಡುಗೆಮನೆ. ನನ್ನ ಮಾತುಗಳನ್ನೆಲ್ಲ ಕತ್ತರಿಸಿದ್ದರು. ಅವಳೊಬ್ಬಳೇ ಮಾತಾಡುತ್ತಿದ್ದಳು. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ, ಗಡಿಯಾಚೆಯ ಹೆಂಗಸು ಸಿಕ್ಕಿಬಿದ್ದು ತಪ್ಪೊಪ್ಪಿಕೊಳ್ಳುತ್ತಿದ್ದಾಳೆ ಎಂದು ಹಿಂದಿಯಲ್ಲಿತ್ತು. ಕೆಳಗೆ ಓಡುತ್ತಿದ್ದ ಅನುವಾದದ ಸಾಲುಗಳನ್ನು ಯಂತ್ರವೇ ಬರೆದಿತ್ತೋ ಮನುಷ್ಯನೋ, ನನಗೂ ಹೇಳಲಾಗಲಿಲ್ಲ. ಹೊಳೆ ಬಂದು ಗೋಡೆ ಕುಸಿದದ್ದು ಅದರಲ್ಲಿ ಹೊಳೆ ದಾಟಿ ಬಂದದ್ದಾಗಿತ್ತು.

ಚಿಕ್ಕಮ್ಮನ ಮಗಳು ನಮ್ಮ ಅದೇ ಅಡುಗೆಮನೆಯಲ್ಲಿ ಕೂತು ಎಷ್ಟೋ ಸಲ ನೀರುದೋಸೆ ತಿಂದವಳು. ಕನ್ನಡ ಅರ್ಥವಾಗುವವಳು. ಫೋನು ಮಾಡಿ ಚೆನ್ನಾಗಿ ಬೈದೆ.

“ಅಯ್ಯೊ, ನಾನು ಸೌಂಡ್ ಹಾಕ್ಲಿಲ್ಲ ಅಕ್ಕ. ಮೇಲೆ ಬರ್ದದ್ದು ನೋಡಿ ಕಳ್ಸಿದ್ದು,” ಎಂದಳು.

ಡೊಂಬಿವಲಿಯ ನಮ್ಮ ಕನ್ನಡದವರ ಗ್ರೂಪಿಗೂ ಅದು ಬಂದಿತ್ತು. ಅಲ್ಲಾದರೂ ನಾಲ್ಕು ಜನ ಎದ್ದು ನಿಲ್ಲುತ್ತಾರೆ ಎಂದುಕೊಂಡು, ಇದು ಸುಳ್ಳು, ಕೇಳಿ ನೋಡಿ, ಕನ್ನಡವಲ್ಲವೇ ಎಂದು ಬರೆದೆ. ಒಬ್ಬರು, ಇದೆಂಥ ಕನ್ನಡ, ಏನೋ ಬೆರಕೆ ಇದ್ದ ಹಾಗಿದೆ ಎಂದರು. ಇನ್ನೊಬ್ಬರು, ನಾವು ಪರಊರಿನಲ್ಲಿ ಇರುವವರು, ಇಂಥದ್ದರಲ್ಲಿ ತಲೆ ಹಾಕುವುದು ಬೇಡ ಎಂದರು. ಆಮೇಲೆ ಯಾರೋ ರಾಜ್ಯೋತ್ಸವದ ಊಟದ ಮೆನು ಹಾಕಿದರು, ಚರ್ಚೆ ಅಲ್ಲಿಗೆ ಹೋಯಿತು. ನನಗೆ ಅಳು ಬಂತು. ಅಷ್ಟು ನಾಚಿಕೆ ನನ್ನ ಭಾಷೆಯವರ ಬಗ್ಗೆ ನನಗೆ ಹಿಂದೆಂದೂ ಆಗಿರಲಿಲ್ಲ.

ವಿಡಿಯೋ ಹರಿದಾಡುತ್ತಿದ್ದ ಜಾಲತಾಣಕ್ಕೆ ದೂರು ಕೊಟ್ಟೆ. ‘ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ. ಈ ವಿಡಿಯೋ ನಮ್ಮ ನಿಯಮಗಳನ್ನು ಮೀರಿಲ್ಲ’ ಎಂದು ಉತ್ತರ ಬಂತು. ಶುದ್ಧ ಕನ್ನಡ, ಒಂದು ತಪ್ಪೂ ಇಲ್ಲ. ನನ್ನಂಥವಳೇ ಯಾರೋ ಕೂತು ತಿದ್ದಿಕೊಟ್ಟಿರಬೇಕು. ಸೆಕ್ರೆಟರಿಯ ಬಳಿ ಹೋಗಿ, ನಮ್ಮ ಗ್ರೂಪಿನಿಂದಲೇ ಹೊರಗೆ ಹೋದದ್ದು, ಯಾರು ಕಳಿಸಿದರು ಕೇಳಿ ಎಂದೆ. ಅವರು ಬೇಸರಪಟ್ಟರು, ನನಗೆ ಚಹಾ ಕೊಟ್ಟರು, ಗ್ರೂಪಿನಲ್ಲಿದ್ದ ನನ್ನ ವಿಡಿಯೋವನ್ನು ತೆಗೆಸಿದರು. ಅದಕ್ಕಿಂತ ಹೆಚ್ಚು ಏನು ಮಾಡಬಹುದೆಂದು ಅವರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವಳು ಬರುವುದು ನಿಂತಿತ್ತು. ಅವಳು ಕೆಲಸ ಮಾಡುತ್ತಿದ್ದ ಬೇರೆ ಮನೆಗಳವರು ಆಪಿನಿಂದ ಅವಳ ಹೆಸರು ತೆಗೆದಿದ್ದರು. ಬಸ್ತಿಗೆ ಯಾರೋ ನಾಲ್ಕಾರು ಜನ ಬಂದು ಖೋಲಿ ಯಾವುದೆಂದು ವಿಚಾರಿಸಿದರಂತೆ. ವಿಳಾಸ ವಿಡಿಯೋದಲ್ಲಿ ಅವಳೇ ಹೇಳಿದ್ದಳು, ಕೇಳಿದವಳು ನಾನು. ಖೋಲಿಯ ಮಾಲೀಕ ಹೆದರಿ ಖಾಲಿ ಮಾಡಿಸಿದ. ಮೂವರೂ ಕಲ್ಯಾಣದಲ್ಲಿ ಅವಳ ನಾದಿನಿಯ ಮನೆ ಸೇರಿಕೊಂಡರು. ಅವಳಿಗೆ ಒಂದು ಕೇಟರಿಂಗ್‌ನವರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸ ಸಿಕ್ಕಿತು. ಇಷ್ಟೂ ನನಗೆ ಗೊತ್ತಾದದ್ದು ಅವಳ ಗಂಡನಿಂದ, ಫೋನಿನಲ್ಲಿ. ಮಗಳು ಶಾಲೆ ಬಿಟ್ಟಿದ್ದಾಳೆ ಎಂದೂ ಅವನೇ ಹೇಳಿದ. ಕ್ಲಾಸಿನ ಹುಡುಗಿಯರ ಫೋನಿನಲ್ಲಿ ಅಮ್ಮನ ವಿಡಿಯೋ ಇತ್ತಂತೆ. ಬೋರ್ಡಿನ ಪರೀಕ್ಷೆ ಹತ್ತಿರ ಬರುತ್ತಿತ್ತು.

ಒಂದು ಭಾನುವಾರ ಅವಳೇ ಫೋನು ಮಾಡಿ ಥಾಣೆ ಸ್ಟೇಷನ್ನಿಗೆ ಬರಲು ಹೇಳಿದಳು. ಐರೋಲಿಯಿಂದ ಟ್ರೇನು ಹಿಡಿದು ಹೋದೆ. ಸೇತುವೆಯ ಮೆಟ್ಟಿಲ ಪಕ್ಕದಲ್ಲಿ ನಿಂತಿದ್ದಳು, ಬಹಳ ಸೊರಗಿದ್ದಳು. ನಾನು ಕ್ಷಮಿಸು ಎಂದೆ. ಅವಳು ಅತ್ತಿತ್ತ ನೋಡಿ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಹಿಂದಿಯಲ್ಲಿ ಹೇಳಿದಳು. ನನ್ನನ್ನು ಗೋಡೆಯ ಕಡೆ ಕರೆದುಕೊಂಡು ಹೋದ ಮೇಲೆಯೇ ಕನ್ನಡಕ್ಕೆ ಬಂದಳು.

“ಅಕ್ಕಾ, ಆ ವಿಡಿಯೋ ಅಳಸ್ರಿ.”

“ಅದು ಈಗ ನನ್ನ ಕೈಲಿ ಇಲ್ಲ,” ಎನ್ನುವಷ್ಟರಲ್ಲಿ ಅವಳು ತಡೆದಳು.

“ನಿಮ್ಮ ಫೋನ್‌ದಾಗೇ ಹುಟ್ಯಾದಲ್ರಿ ಅದು. ಮೂಲ ನಿಮ್ಮ ಹತ್ರನೇ ಅದ. ನೀವು ಅಳಿಸಿದ್ರ ಎಲ್ಲಾರ ಫೋನ್‌ದಾಗಿಂದನೂ ಹೋಗ್ತದ. ನಾ ದಿನಾ ಅದನ್ನೇ ವಿಚಾರ ಮಾಡ್ಲಕತ್ತೀನಿ.”

ಅಷ್ಟು ದೂರದಿಂದ, ರಜೆಯ ದಿನ, ಅವಳು ಇದೊಂದನ್ನು ಕೇಳಲು ಬಂದಿದ್ದಳು. ನಾನು ಅಳಿಸಿದರೆ ನನ್ನ ಫೋನಿನದಷ್ಟೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಫೋನು ತೆಗೆದೆ. ವಿಡಿಯೋ ಹುಡುಕಿದೆ. ಅವಳು ತಲೆ ಬಗ್ಗಿಸಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಅಳಿಸಿದೆ.

“ಹೋತೇನ್ರಿ?”

“ಹೋಯ್ತು.”

“ಎಲ್ಲಾ ಕಡೀಂದ?”

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ.

ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕಲ್ಯಾಣದ ಗಾಡಿ ಬರುತ್ತಿದೆ ಎಂದು ಮೈಕಿನಲ್ಲಿ ಕೂಗುತ್ತಿದ್ದರು.

“ಹಂಗಾದ್ರ ನಾಳಿಂದ ಪೋರಿನ್ನ ಸಾಲಿಗಿ ಕಳಸ್ತೀನ್ರಿ,” ಎಂದಳು. “ಒಲ್ಲೆ ಅಂತಾಳ. ಎಲ್ಲಾರ ಫೋನ್‌ದಾಗಿಂದ ಹೋಗ್ಯಾದ, ಅಕ್ಕ ಖುದ್ದು ಅಳಿಸ್ಯಾಳ, ಯಾರ ಹತ್ರನೂ ಈಗ ಇಲ್ಲ ಅಂತ ಹೇಳ್ತೀನಿ. ನೀವು ಹೇಳೀರಿ ಅಂದ್ರ ನಂಬ್ತಾಳ. ಕಳಿಸ್ಲೇನ್ರಿ ಅಕ್ಕಾ?”

ಕಳಿಸು, ಎಂದೆ.