ಗಾಣದ ಕಾಕಾನ ಮೂಗು

ಹೋದ ವಾರ ಬೀದರಿನ ಮನೆಯ ಅಡುಗೆ ಕಪಾಟಿನ ಹಿಂದೆ ಮರೆತುಹೋಗಿದ್ದ ಕುಸುಬಿ ಎಣ್ಣೆಯ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಕಮಟು ವಾಸನೆ ಮೂಗಿಗೆ ಬಡಿಯಿತು. ಡಬ್ಬಿ ಹಿಡಿದುಕೊಂಡೇ ನೆಲದ ಮೇಲೆ ಕುಳಿತುಬಿಟ್ಟೆ. ಇಷ್ಟು ವರ್ಷವಾದರೂ ಆ ವಾಸನೆಗೆ ನನಗೆ ಹೆದರಿಕೆಯಾಗುತ್ತದೆ... ನಾಚಿಕೆಯೂ.

ಭಾಲ್ಕಿಯಲ್ಲಿ ನಮ್ಮ ಓಣಿಯ ತುದಿಗೆ ಒಂದು ಗಾಣವಿತ್ತು. ಕರೆಂಟಿನದು, ಎತ್ತಿನದಲ್ಲ. ಅದರ ಯಜಮಾನರನ್ನು ನಾವೆಲ್ಲ ಗಾಣದ ಕಾಕಾ ಎನ್ನುತ್ತಿದ್ದೆವು. ಹಲಬರ್ಗಾದ ಕಡೆಯಿಂದಲೂ ಮಂದಿ ಕುಸುಬಿ, ಶೇಂಗಾ ಚೀಲ ಹೊತ್ತು ಬರುತ್ತಿದ್ದರು. ಕಾಕಾ ಮೊದಲು ಒಂದು ಹಿಡಿ ಕಾಳು ಕಲ್ಲಿನ ಮೇಲೆ ಜಜ್ಜಿ, ಅಂಗೈಗೆ ತಿಕ್ಕಿ ಮೂಸುತ್ತಿದ್ದರು. ಸರಿ ಇದ್ದರೆ ತಲೆಯಾಡಿಸುತ್ತಿದ್ದರು. ಇಲ್ಲದಿದ್ದರೆ ಚೀಲ ವಾಪಸ್, ಬೀಗರೇ ತಂದಿರಲಿ. "ಒಬ್ಬರ ಕಮಟು ಕಾಳು ಹಾಕಿದ್ರ ಮುಂದಿನವ್ರ ಎಣ್ಣಿನೂ ಕೆಡ್ತದ್ರಿ" ಎನ್ನುತ್ತಿದ್ದರು. ಅವರ ಮರ್ಯಾದೆಯೆಲ್ಲ ಆ ಮೂಗಿನ ಮೇಲೇ ನಿಂತಿತ್ತು.

ಆಗ ನಾನು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡುತ್ತಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ; ನಾನು ಅರ್ಧ ಕೊಡ. ರಜೆಗೆ ಬಂದಾಗ ಅವ್ವ ಗಾಣದಿಂದ ಕೊಂಡು ತಂದಿದ್ದ, ಕಾಕಾನ ಸ್ವಂತ ಕಾಳಿನ ಎಣ್ಣೆ ಕಮಟಾಗಿತ್ತು. ಬಾಟಲಿ ಎತ್ತಿಕೊಂಡು ನೇರ ಅಲ್ಲಿಗೇ ಹೋದೆ. ಏಳೆಂಟು ಹೆಂಗಸರು ಸರದಿಯಲ್ಲಿ ನಿಂತಿದ್ದರು.

"ಕಾಕಾ, ಇದ್ರಾಗ ಹಳೀ ಎಣ್ಣಿ ಬೆರಕಿ ಮಾಡೀರಿ" ಎಂದೆ, ಎಲ್ಲರಿಗೂ ಕೇಳುವಂತೆ.

ಕಾಕಾ ಅಂಗೈಗೆ ನಾಲ್ಕು ಹನಿ ಸುರುವಿಕೊಂಡು ಮೂಸಿದರು. ಮತ್ತೆ ಮೂಸಿದರು.

"ಏನೂ ವಾಸ್ನಿ ಇಲ್ಲಲ್ಲವ್ವಾ... ನಾ ಬೆರಕಿ ಮಾಡಿಲ್ಲ."

ಮುಂದೆ ನಿಂತಿದ್ದ ಹೆಂಗಸೊಬ್ಬಳು ಬಾಟಲಿ ಕಸಿದುಕೊಂಡು ಮೂಸಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಾಕಾ ಮೂರನೆಯ ಸಲ ಮೂಸಿದರು. ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದರು. ಅವರು ಹೆದರಿದ್ದಾರೆ ಎನ್ನುವುದು ನನಗೆ ಕಾಣಿಸಿತ್ತು. ಆದರೂ, "ಸುಳ್ಳು ಯಾಕ ಹೇಳ್ತೀರಿ?" ಎಂದೆ. ಗೆದ್ದವಳಂತೆ ಮನೆಗೆ ಬಂದೆ.

ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪಿದರು. ಎರಡು ವರ್ಷದೊಳಗೆ ಕಾಕಾ ಗಾಣಕ್ಕೆ ಹೋಗುವ ದಾರಿ ಮರೆತರು, ಕಾಳುಗಳ ಹೆಸರು ಮರೆತರು... ಡಾಕ್ಟರು ಅಲ್ಝೈಮರ್ ಎಂದರಂತೆ. ಮಗಳು ಔರಾದ್ ತಾಲೂಕಿನ ಎಕಂಬಾಕ್ಕೆ, ತನ್ನ ಮನೆಗೆ, ಕಾಕಾನನ್ನೂ ಅವರ ಹೆಂಡತಿ ಕಾಕುವನ್ನೂ ಕರೆದೊಯ್ದಳು.

ಆ ಹೊತ್ತಿಗೆ ನಾನು ಬೀದರಿನಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುತ್ತಿದ್ದೆ. ಎಣ್ಣೆ ಕಮಟಾಗುವುದು ಗಾಳಿಯ ಆಮ್ಲಜನಕ ಅದರ ಕೊಬ್ಬನ್ನು ಕೆಡಿಸುವುದರಿಂದ ಎಂದು ಬೆಳಿಗ್ಗೆ ಬೋರ್ಡಿನ ಮೇಲೆ ಬರೆದು, ಸಂಜೆ ಕಾಕಾನ ರೋಗದ ಬಗ್ಗೆ ಓದಲು ಕುಳಿತೆ. ನೀರು ಬಿಟ್ಟರೆ ಮಿದುಳಿನಲ್ಲೂ ಬಹುಪಾಲು ಕೊಬ್ಬೇ. ಮೈಯ ಉಳಿದ ಭಾಗಕ್ಕೆ ಹೋಲಿಸಿದರೆ ಮಿದುಳು ಆಮ್ಲಜನಕವನ್ನು ಬಕಾಸುರನ ಹಾಗೆ ಉಣ್ಣುತ್ತದೆ. ಉಂಡದ್ದರಲ್ಲಿ ಒಂದಿಷ್ಟು, ಸಿಕ್ಕಿದ್ದನ್ನೆಲ್ಲ ಕಚ್ಚುವ ಪುಂಡ ಕಣಗಳಾಗಿ ಉಳಿಯುತ್ತದೆ. ದೇಹ ಅವನ್ನು ಹತೋಟಿಯಲ್ಲಿ ಇಡುತ್ತದೆ. ಅದು ಸೋತರೆ ಅವು ಜೀವಕೋಶದ ಪೊರೆಯ ಕೊಬ್ಬನ್ನೇ ಕೆಡಿಸುತ್ತವೆ. ಈ ರೋಗದವರ ಮಿದುಳಿನಲ್ಲಿ ಅಂಥ ಹಾನಿ ಹೆಚ್ಚು. ರೋಗಕ್ಕೆ ಅದೇ ಕಾರಣವೋ, ರೋಗದಿಂದ ಅದು ಬಂತೋ, ಬಲ್ಲವರೂ ಇನ್ನೂ ಖಚಿತವಾಗಿ ಹೇಳಿಲ್ಲ. ಮುಂದಿನ ಸಾಲು ಓದಿ ಪುಸ್ತಕ ಮುಚ್ಚಿದೆ. ಹಲವರಲ್ಲಿ ನೆನಪಿಗಿಂತ ಮೊದಲು ವಾಸನೆ ಹಿಡಿಯುವ ಶಕ್ತಿ ಹೋಗುತ್ತದೆ ಎಂದಿತ್ತು.

ಎಕಂಬಾಕ್ಕೆ ಹೋದೆ. ಕಾಕಾಗೆ ನನ್ನ ಗುರುತು ಸಿಗಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದು, "ನಾ ಬೆರಕಿ ಮಾಡಿಲ್ರಿ... ಖರೇನೇ ಮಾಡಿಲ್ರಿ" ಎಂದರು. ಬೆರಳು ನೋಯುತ್ತಿದ್ದವು. "ಗೊತ್ತದ ಕಾಕಾ. ತಪ್ಪು ನಂದು" ಎಂದೆ. ಮುಖ ಅರಳಿತು. ಎರಡೇ ನಿಮಿಷಕ್ಕೆ ಮತ್ತೆ ಕೈ ಹಿಡಿದರು, ಮತ್ತೆ ಅದೇ ಮಾತು. ಮಗಳ ಹೆಸರನ್ನೇ ಮರೆತವರ ತಲೆಯಲ್ಲಿ ನಾನು ಹಾಕಿದ ಆ ಕಳಂಕ ಮಾತ್ರ ಉಳಿದಿತ್ತು.

ಕಾಕು ಚಹಾ ತಂದಿಟ್ಟರು. "ನಿಮ್ಮವ್ವಗ ಎಣ್ಣಿ ತೆಗದ ಮೂಲ್ಯಾಗಿನ ಕಾಳಿನ ಚೀಲ ಅದರ ಹಿಂದಿನ ವರ್ಷದ್ದು ಅಂತ ಅವ್ರಿಗಿ ತಿಳೀಲೇ ಇಲ್ಲ. ಮೂಸಿ ನೋಡೇ ಹಾಕ್ಯಾರ. ಇಲ್ಲಿ ಹೇಳಿದ್ರ ಏನ್ ಬಂತವ್ವಾ? ಓಣ್ಯಾಗ ಹೇಳು."

ಹೂಂ ಎಂದು ಬಂದೆ. ಹೇಳಲಿಲ್ಲ. ಇವತ್ತು, ನಾಳೆ, ಮುಂದಿನ ರಜೆಗೆ... ಅಷ್ಟರಲ್ಲಿ ಕಾಕಾ ಹೋಗಿಬಿಟ್ಟರು.

ನಿನ್ನೆ ಭಾಲ್ಕಿಯ ಬಸ್ ಹತ್ತಿದೆ. ಗಾಣವಿದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಅಂದು ಬಾಟಲಿ ಕಸಿದುಕೊಂಡಿದ್ದ ಹೆಂಗಸು, ಈಗ ಮುದುಕಿ, ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಕಾಕಾನ ಸುದ್ದಿ ತೆಗೆದೆ.

"ಆ ಬೆರಕಿ ಗಾಣದಂವಾ?" ಎಂದರು.

ಪಕ್ಕದಲ್ಲಿ ಕುಳಿತು, ಅಂದು ಬಾಟಲಿ ತಂದವಳು ನಾನೇ ಎಂದು ಎಲ್ಲ ಹೇಳಿದೆ. ಮೂಗು ಮೊದಲೇ ಸತ್ತಿದ್ದು, ಹಳೆಯ ಚೀಲ ಗೊತ್ತಾಗದೆ ಹೋದದ್ದು, ಕೊನೆಯವರೆಗೂ ಅವರು ಎಲ್ಲರ ಕೈ ಹಿಡಿದು ಹೇಳುತ್ತಿದ್ದ ಆ ಮಾತು. ಮುದುಕಿ ನನ್ನ ಕಡೆ ತಿರುಗಿದರು.

"ಅವತ್ತೂ ಅಂವಾ ಅದೇ ಹೇಳಿದ್ದ ನೋಡವ್ವಾ. ನೀ ಓದಿದಾಕಿ ಅಂತ, ನಾವು ನಿನ್ನ ಮಾತು ನಂಬಿದಿವಿ."