ರುದ್ರಮ್ಮ ಕೂಗದ ಸಂಜೆ

ಸೋಮವಾರಪೇಟೆಯಾಚೆ ನಮ್ಮೂರಿನಲ್ಲಿ ಹಂದಿ ಕಾಟಕ್ಕೆ ಗದ್ದೆಯ ಸುತ್ತ ತಂತಿ ಎಳೆದು ಮನೆಯ ಕರೆಂಟನ್ನೇ ಕೊಡುತ್ತಾರೆ. ತಪ್ಪೆಂದು ಎಲ್ಲರಿಗೂ ಗೊತ್ತು. ಒಬ್ಬ ಸಿಕ್ಕಿಬಿದ್ದರೆ ಮಾತ್ರ ಉಳಿದವರೆಲ್ಲ ಸಾಚಾಗಳಾಗಿಬಿಡುತ್ತಾರೆ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಸಿಕ್ಕಿಬಿದ್ದವನು ಕಲ್ಲೇಶಪ್ಪ. ಅವನ ಹೆಂಡತಿ ರುದ್ರಮ್ಮ ದಿನಾ ಸಂಜೆ ಬೇಲಿಯ ಬಳಿ ನಿಂತು, ಪಕ್ಕದ ಮನೆಯ ಮಹಾದೇವಮ್ಮನಿಗೆ "ಕರೆಂಟ್ ಕೊಡ್ತೀವಿ ಕಣೇ!" ಎಂದು ಕೂಗುತ್ತಿದ್ದಳು. "ಕೇಳ್ತು ಕಣೇ!" ಎಂದು ಆಚೆಯಿಂದ ಉತ್ತರ ಬಂದ ಮೇಲೆಯೇ ಸ್ವಿಚ್. ನಡುವೆ ಊರಿನ ಹರಟೆಯೆಲ್ಲ ಮುಗಿಯುತ್ತಿತ್ತು, ಅದು ಬೇರೆ ವಿಷಯ.

ಆ ದಿನ ಮಹಾದೇವಮ್ಮನ ಮನೆಯವರೆಲ್ಲ ಶನಿವಾರಸಂತೆಗೆ ಮದುವೆಗೆ ಹೋಗಿದ್ದರು. ಬೀಗ ಹಾಕಿದ ಮನೆಗೆ ಯಾರು ಕೂಗುತ್ತಾರೆ? ರುದ್ರಮ್ಮ ಕೂಗಲಿಲ್ಲ. ಕರು ಹಾಕಲಿದ್ದ ಹಸು ನೆನಪಾಗಿ ಮಹಾದೇವಮ್ಮನ ಗಂಡ ನಿಂಗಣ್ಣ ಒಬ್ಬನೇ ಕೊನೆಯ ಬಸ್ಸಿಗೆ ವಾಪಸ್ ಬಂದಿದ್ದ. ನಸುಕಿನಲ್ಲೇ, ಕರೆಂಟ್ ತೆಗೆಯುವ ಮೊದಲು, ಹುಲ್ಲಿಗೆಂದು ಗದ್ದೆಗೆ ಇಳಿದವನು ಕಲ್ಲೇಶಪ್ಪನ ತಂತಿ ತಗುಲಿ ಸತ್ತ.

ಕೋರ್ಟಿನಲ್ಲಿ ಕಲ್ಲೇಶಪ್ಪ, "ಹೇಳ್ಬೇಕಾಗಿದ್ದೋನು ನಾನೇ ಸ್ವಾಮಿ" ಎಂದ. ಹೆಂಡತಿಯ ಹೆಸರೆತ್ತಲಿಲ್ಲ. ಕೊಲೆಯಲ್ಲದ ನರಹತ್ಯೆ ಎಂದು ಏಳು ವರ್ಷ ಜೈಲಾಯಿತು. ವಕೀಲರು ಹೈಕೋರ್ಟಿಗೆ ಮೇಲ್ಮನವಿ ಹಾಕಿದರು. ತಪ್ಪು ಒಪ್ಪಿದ್ದೇವೆ, ಶಿಕ್ಷೆ ಮಾತ್ರ ಹೆಚ್ಚಾಯಿತು. ದ್ವೇಷವಿರಲಿಲ್ಲ, ನಿಂಗಣ್ಣನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಿದವನೂ ಇವನೇ ಎಂಬುದು ಅವರ ವಾದ.

ರುದ್ರಮ್ಮ ಕಾದಳು. ಕಾಫಿ ಹಣ್ಣಾದಾಗ, ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವ ಮುಯ್ಯಾಳಾಗಿ ಅವಳ ಕೊಯ್ಲಿಗೆ ಯಾರೂ ಬರಲಿಲ್ಲ, ಅವಳನ್ನು ತಮ್ಮ ಕೊಯ್ಲಿಗೆ ಯಾರೂ ಕರೆಯಲೂ ಇಲ್ಲ. ಒಬ್ಬಳೇ ಕೊಯ್ದಳು, ಒಬ್ಬಳೇ ಕಣದಲ್ಲಿ ಹರಡಿದಳು. ಗಂಡನಿಲ್ಲದ ಮನೆಯನ್ನಾದರೂ ಸಹಿಸಬಹುದು, ಬೇಲಿಯಾಚೆಯ ಆ ಮೌನ ತಡೆಯಲಾಗುವುದಿಲ್ಲ ಎಂದು ನನ್ನ ಮುಂದೆ ಅತ್ತಿದ್ದಾಳೆ.

ಮೊನ್ನೆ ಸಂಜೆ ವಕೀಲರ ಫೋನ್ ಬಂತು. ಏಳು ವರ್ಷ ನಾಲ್ಕಕ್ಕೆ ಇಳಿದಿತ್ತು. ಸಂತೋಷಕ್ಕೆ ಅವಳ ಕಾಲು ತಾನಾಗಿ ಬೇಲಿಯತ್ತ ಓಡಿತು. ಯಾವ ಸುದ್ದಿಯಾದರೂ ಮೊದಲು ಹೇಳುತ್ತಿದ್ದುದು ಅಲ್ಲಿಗೇ. ಯಾರಿಗೆ ಏನು ಹೇಳಲು ಹೊರಟಿದ್ದೇನೆಂದು ಹೊಳೆದದ್ದು ಬೇಲಿ ಮುಟ್ಟಿದ ಮೇಲೆ. ಅಷ್ಟರಲ್ಲಿ ಅಂಗಳದಲ್ಲಿದ್ದ ಮಹಾದೇವಮ್ಮ ತಲೆಯೆತ್ತಿ ನೋಡಿದ್ದಳು.

"ನಾಲ್ಕು ವರ್ಷಕ್ಕೆ ಇಳಿಸಿದ್ರಂತೆ" ಎಂದಳು ರುದ್ರಮ್ಮ. "ಬೇರೆಯೋರಿಂದ ನಿನ್ ಕಿವಿಗೆ ಬೀಳೋದು ಬೇಡ ಅಂತ ಬಂದೆ." ಬೇಲಿಯ ಗೂಟ ಹಿಡಿದುಕೊಂಡಳು. "ಅವತ್ತು ಕೂಗ್ದೆ ಇದ್ದೋಳು ನಾನು ಕಣೇ. ಅವರಲ್ಲ."

ಮಹಾದೇವಮ್ಮ ಕೈಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಕೇಳ್ತು" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.