ಹಳೆಯ ಹೊಲಿಗೆಯ ಕಾಗದ ಹುಡುಕುವ ದಹಬೊ

ಬೆಳಗಿನ ಐದೂ ಕಾಲು. ಹೊರಗೆ ಮೈನಸ್ ಇಪ್ಪತ್ತೆರಡು. ಮಿನಿಯಾಪೊಲಿಸ್‌ನ ಬಸ್ ಡಿಪೊದಲ್ಲಿ ಸಾಲಾಗಿ ನಿಂತಿರುವ ಹಳದಿ ಶಾಲಾ ಬಸ್ಸುಗಳಲ್ಲಿ ನಲವತ್ತೇಳನೆಯದು ಮಾತ್ರ ಗುರುಗುಡುತ್ತಿದೆ. ಎಂಜಿನ್ ಬಿಸಿಯಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯನ್ನು ಚಾಲಕಿ ದಹಬೊ ಗುಲೇದ್ ಹನ್ನೊಂದು ವರ್ಷಗಳಿಂದ ಯಾರಿಗೂ ಬಿಟ್ಟುಕೊಟ್ಟಿಲ್ಲ. ಫೋನನ್ನು ತಲೆವಸ್ತ್ರದೊಳಗೆ ಕಿವಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಗಾಜಿನ ಮಂಜು ಕೆರೆಯುತ್ತ, ಇಡೀ ಡಿಪೊಗೆ ಕೇಳಿಸುವಂತೆ ಕೂಗುತ್ತಿದ್ದಾರೆ.

"ಮುಟಿಂಡಾ! ಊಟ ಆಯ್ತಾ? ಆಗಿದ್ರೆ ಏಳಪ್ಪ ಮೇಲಕ್ಕೆ, ಕಪಾಟಿನ ಬೀಗ ತೆಗಿ!"

ಆ ಕಡೆ ಕೀನ್ಯಾದ ಗಾರಿಸಾದಲ್ಲಿ ಮಧ್ಯಾಹ್ನ ಎರಡೂ ಕಾಲು. ಮುಟಿಂಡಾ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ದಾಖಲೆ ಕಾಯುವ ಮುದುಕ. ಇಬ್ಬರೂ ಮಾತಾಡುವುದು ಸ್ವಾಹಿಲಿಯಲ್ಲಿ. ದಹಬೊ ಅದನ್ನು ಕಲಿತದ್ದು ನಿರಾಶ್ರಿತರ ಶಿಬಿರದಲ್ಲಿ, ನೀರಿನ ಸಾಲಿನಲ್ಲಿ ನಿಂತು ಜಗಳವಾಡುತ್ತ.

ಅದೇ ಬಸ್ಸಿನಲ್ಲಿ ಆರು ವರ್ಷದಿಂದ ಮಕ್ಕಳಿಗೆ ಬೆಲ್ಟ್ ಹಾಕುವ ಕೆಲಸ ನನ್ನದು. ಆದ್ದರಿಂದ ಈ ವರದಿ ಬರೆಯಲು ನಾನು ಎಲ್ಲಿಗೂ ಹೋಗಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಕೂತು ಶುಂಠಿ, ಏಲಕ್ಕಿ ಹಾಕಿದ ಅವರ ಚಹಾ ಕುಡಿದರೆ ಸಾಕು.

ದಹಬೊ ಹುಡುಕುವುದು ಹಳೆಯ ಹೆರಿಗೆ ದಾಖಲೆಯ ಒಂದೇ ಒಂದು ಸಾಲನ್ನು. ಈ ವಾರ ಅದು ಇದಿಲ್ ಎಂಬ ಇಪ್ಪತ್ತಾರರ ಹೆಣ್ಣುಮಗಳದು. ಇದಿಲ್ ಈಗ ದಿನ ತುಂಬಿದ ಬಸುರಿ, ಗಂಡ ಲಿಬಾನ್ ದೂರದೂರಿಗೆ ಲಾರಿ ಓಡಿಸುತ್ತಾನೆ. ನಾಲ್ಕು ವರ್ಷದ ಹಿಂದೆ ಮೊದಲ ಮಗುವನ್ನು ಗಾರಿಸಾದಲ್ಲಿ ಎಂಟನೇ ತಿಂಗಳಿಗೇ ಹೊಟ್ಟೆ ಕೊಯ್ದು ತೆಗೆದಿದ್ದರು. ಹೊರಗಿನ ಕಲೆ ಹೊಕ್ಕುಳಿನಿಂದ ಕೆಳಕ್ಕೆ ಉದ್ದವಾಗಿದೆ. ಆದರೆ ಒಳಗೆ ಗರ್ಭಕೋಶವನ್ನು ಹೇಗೆ ಕೊಯ್ದರೆಂಬುದು ಚರ್ಮ ನೋಡಿದರೆ ತಿಳಿಯುವುದಿಲ್ಲ. ಕೆಳಗೆ ಅಡ್ಡಕ್ಕೆ ಕೊಯ್ದಿದ್ದರೆ ಈ ಸಲ ತಾನೇ ನೋವು ತಿಂದು ಹೆರಲು ಬಿಡಬಹುದು. ಉದ್ದಕ್ಕೆ ಕೊಯ್ದಿದ್ದರೆ ನೋವಿನ ಒತ್ತಡಕ್ಕೆ ಹಳೆಯ ಹೊಲಿಗೆ ಬಿಚ್ಚಿ ತಾಯಿಗೂ ಮಗುವಿಗೂ ಕುತ್ತು. ಗೊತ್ತಿಲ್ಲದ ಮೇಲೆ ಇಲ್ಲಿನ ವೈದ್ಯರು ಸಹಜ ಹೆರಿಗೆಗೆ ಕೈಹಾಕುವುದಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ಶಸ್ತ್ರಚಿಕಿತ್ಸೆ ಎಂದು ಗೊತ್ತು ಮಾಡಿದ್ದಾರೆ. ಇವತ್ತು ಸೋಮವಾರ.

"ನಂಗೆ ಐದು ಮಕ್ಕಳು ಬೇಕು ಅತ್ತೆ," ಎಂದಿದ್ದಳು ಇದಿಲ್, ದಹಬೊ ಅವರ ಅಡುಗೆಮನೆಯಲ್ಲಿ ಕೂತು. "ಐದ್ಸಲ ಹೊಟ್ಟೆ ಕೊಯ್ಸಿಕೊಳ್ಳೋಕಾಗುತ್ತಾ? ಲಿಬಾನ್ ಲಾರಿ ಹತ್ತಿದ್ರೆ ಹತ್ತು ದಿನ ಬರಲ್ಲ. ಕೊಯ್ಸಿಕೊಂಡು ಮಲಗಿದ್ರೆ ಮಗನ್ನ ಯಾರು ಎತ್ಕೋತಾರೆ? ಆಗ ನಮ್ಮಮ್ಮ ಇದ್ಲು. ಇಲ್ಲಿ ನಾನೇ ಅಮ್ಮ, ನಾನೇ ಮಗಳು."

ದಹಬೊ ಅವರಿಗೆ ಈಗ ಐವತ್ನಾಲ್ಕು. ದಿನಕ್ಕೆ ನಾಲ್ಕು ಸುತ್ತು, ನೂರಾ ಹನ್ನೆರಡು ಮಕ್ಕಳು, ಹನ್ನೊಂದು ವರ್ಷದಲ್ಲಿ ಒಂದು ಗೀರೂ ಇಲ್ಲ. ಸುತ್ತುಗಳ ನಡುವೆ ಹೆರಿಗೆ ಮನೆ. ಇದುವರೆಗೆ ನೋವು ತಿನ್ನುವ ನೂರ ನಲವತ್ತು ಹೆಂಗಸರ ಬೆನ್ನು ನೀವಿದ್ದಾರೆ, ಮೂವತ್ತೊಂದು ಕಾಗದ ಹುಡುಕಿ ತರಿಸಿದ್ದಾರೆ. ಅವರನ್ನು ಹೀಗೆ ಹುಡುಕಲು ಹಚ್ಚಿದ್ದು ಅವರದೇ ಹೊಟ್ಟೆ. ಮೊದಲ ಮಗ ಹುಟ್ಟಿದ್ದು ಸೊಮಾಲಿಯಾದ ಕಿಸ್ಮಾಯೊದಲ್ಲಿ, ಕೊಯ್ದು. ಉಳಿದ ಮೂವರು ಇಲ್ಲಿ, ಮತ್ತೆ ಕೊಯ್ದು. ನಾಲ್ಕನೆಯ ಸಲ ಹೊಲಿಗೆ ಹಾಕಿದ ವೈದ್ಯೆ, ಹಳೆಯದೆಲ್ಲ ಅಡ್ಡ ಕೊಯ್ತವೇ, ಎರಡನೆಯದನ್ನೇ ಸಹಜವಾಗಿ ಹೆರಲು ಪ್ರಯತ್ನಿಸಬಹುದಿತ್ತು ಎಂದರಂತೆ.

"ಕೊಯ್ಯೋರ ಮೇಲೆ ನಂಗೆ ಸಿಟ್ಟಿಲ್ಲ ಕಣಮ್ಮ," ಎನ್ನುತ್ತಾರೆ. "ಕೊಯ್ದಿದ್ದಕ್ಕೇ ನಾನೂ ಇದೀನಿ, ನನ್ನ ಮಗನೂ ಇದಾನೆ. ಗೊತ್ತಿಲ್ದೆ ಕೊಯ್ತಾರಲ್ಲ, ಅದಕ್ಕೆ ಸಿಟ್ಟು."

ಹೋದ ವರ್ಷ ಒಬ್ಬಳ ಕಾಗದದಲ್ಲಿ ಉದ್ದ ಕೊಯ್ತ ಎಂದು ಬಂತು. ಅವಳು ಗೋಳೋ ಎಂದು ಅತ್ತಳು. ದಹಬೊ ತಾವೇ ಕೈಹಿಡಿದು ಶಸ್ತ್ರಚಿಕಿತ್ಸೆಗೆ ಕರೆದುಕೊಂಡು ಹೋದರು. "ಕಾಗದ ಏನು ಹೇಳುತ್ತೋ ಅದು. ನಮಗೆ ಬೇಕಾದ್ದು ಹೇಳಲಿ ಅಂತ ತರಿಸೋದಲ್ಲ."

ಇದಿಲ್ ತನ್ನ ದನಿಯಲ್ಲೇ ಒಪ್ಪಿಗೆ ಹೇಳಿ ಮುಟಿಂಡಾನಿಗೆ ಕಳಿಸಿದ್ದಾಳೆ. ಆದರೂ ಸೋಮವಾರ ಸಿಗಲಿಲ್ಲ. ಮಂಗಳವಾರವೂ ಇಲ್ಲ. ಇದಿಲ್ ಅಬ್ದಿ ವರ್ಸಮೆ ಎಂಬ ಹೆಸರೇ ರಿಜಿಸ್ಟರಿನಲ್ಲಿಲ್ಲ. ಮಗನ ಹುಟ್ಟಿದ ದಿನ ಕೇಳಿದರೆ ಜನವರಿ ಒಂದು ಎನ್ನುತ್ತದೆ ಶಿಬಿರದ ಚೀಟಿ; ದಿನ ಗೊತ್ತಿಲ್ಲದವರಿಗೆಲ್ಲ ಅಲ್ಲಿ ಅದನ್ನೇ ಬರೆಯುತ್ತಾರೆ. ಅದನ್ನು ಕೇಳಿ ಮುಟಿಂಡಾ ಬಿದ್ದು ಬಿದ್ದು ನಗುತ್ತಾನೆ.

"ನಿಮ್ಮ ಜನ ಎಲ್ಲರೂ ಜನವರಿ ಒಂದಕ್ಕೇ ಹುಟ್ತೀರಲ್ಲ ತಾಯಿ, ಮಿಕ್ಕ ದಿನ ಏನು ಮಾಡ್ತೀರಿ?"

"ಮಿಕ್ಕ ದಿನ ನಿನ್ನಂಥೋರ ಹತ್ರ ಕಾಗದ ಬೇಡ್ತೀವಿ! ರಂಜಾನಿನ ಎರಡನೇ ವಾರ ಅಂತೆ, ಆ ಹಾಳೆಗಳನ್ನೇ ಮತ್ತೆ ನೋಡು."

ನೋಡಿದ. ಇಲ್ಲ. ಮಂಗಳವಾರ ಸಂಜೆ ಇದಿಲ್ ತನ್ನ ಆಸ್ಪತ್ರೆಯ ಚೀಲ ಕಟ್ಟಿಟ್ಟು, "ಬಿಡಿ ಅತ್ತೆ, ನನ್ನ ಹಣೇಲಿ ಇರೋದು ಅಷ್ಟೇ," ಎಂದಳು. ದಹಬೊ ಬಿಡುವ ಜಾತಿಯಲ್ಲ. ಅಂದು ನಿನ್ನನ್ನು ಆಸ್ಪತ್ರೆಗೆ ಸೇರಿಸಿದ್ದು ಯಾರು ಎಂದು ಕೇಳಿದರು. ಶಂಸೊ ಎಂಬ ಚಿಕ್ಕಮ್ಮನಂತೆ, ಈಗ ನೈರೋಬಿಯಲ್ಲಿ ಬಟ್ಟೆ ಅಂಗಡಿ.

ಬುಧವಾರ ಐದೂ ಕಾಲಿಗೆ ಶಂಸೊ ಫೋನಿಗೆ ಸಿಕ್ಕಳು. ದಹಬೊ ಫೋನನ್ನು ಹೊರಗೆ ತೆಗೆದು ಸ್ಪೀಕರಿಗೆ ಹಾಕಿದರು, ನನಗೂ ಕೇಳಲಿ ಎಂದು.

"ಶಂಸೊ, ಆಸ್ಪತ್ರೇಲಿ ಹುಡುಗಿ ಹೆಸರು ಏನಂತ ಬರೆಸಿದೆ?"

"ಏನಂತ ಬರೆಸ್ಲಿ? ಅವಳಿಗೆ ಪ್ರಜ್ಞೆ ಇರ್ಲಿಲ್ಲ, ನಂಗೆ ಜೀವ ಬಾಯಿಗೆ ಬಂದಿತ್ತು. ದೊಡ್ಡಕಿವಿ ಮಗಳು ಅಂದೆ."

"ಏನು?"

"ದೊಡ್ಡಕಿವಿ ಕಣೇ! ಅವಳಪ್ಪ. ಅಬ್ದಿ ವರ್ಸಮೆ ಅಂದ್ರೆ ಶಿಬಿರದಲ್ಲಿ ನೂರು ಜನ ಇದ್ರು. ದೊಡ್ಡಕಿವಿ ಅಂದ್ರೆ ಒಬ್ಬನೇ. ಗಾರಿಸಾದ ಕತ್ತೆಗಾಡಿಯೋನಿಗೂ ಗೊತ್ತು."

ದಹಬೊ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡರು. ಸೊಮಾಲಿಗಳಲ್ಲಿ ಅಡ್ಡಹೆಸರಿಲ್ಲದ ಮನುಷ್ಯನೇ ಇಲ್ಲ. ಕುಂಟ, ಬೋಳ, ಓರೆಹಲ್ಲು ಎಂದು ಮುಖಕ್ಕೇ ಕರೆಯುತ್ತಾರೆ, ಕರೆಸಿಕೊಂಡವನು ಓಗೊಡುತ್ತಾನೆ. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ನಲ್ಲ! ಈ ದೇಶದಲ್ಲಿ ಫಾರಂ ತುಂಬಿ ತುಂಬಿ ನನ್ನ ಬುದ್ಧೀನೂ ಫಾರಂ ಆಗೋಯ್ತು," ಎಂದು ತಮ್ಮನ್ನೇ ಬೈದುಕೊಳ್ಳುತ್ತ ಮುಟಿಂಡಾನಿಗೆ ಸುದ್ದಿ ಮುಟ್ಟಿಸಿದರು. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ಹೊರಡಬೇಕು.

ಆರೂ ನಲವತ್ತಕ್ಕೆ, ಇಪ್ಪತ್ತೊಂಬತ್ತು ಮಕ್ಕಳು ಬಸ್ಸಿನಲ್ಲಿರುವಾಗ, ತಲೆವಸ್ತ್ರದೊಳಗೆ ಫೋನು ನಡುಗಿತು. ನನಗೆ ಕಂಡಿತು. ಅವರು ಕಣ್ಣನ್ನೂ ಕದಲಿಸಲಿಲ್ಲ. "ನಾನು ನೋಡ್ಲಾ?" ಎಂದೆ. "ಸುಮ್ನೆ ಕೂತ್ಕೋ. ಬಸ್ಸಲ್ಲಿ ಮಕ್ಕಳಿದ್ದಾಗ ಫೋನಿಲ್ಲ." ಐವತ್ತು ನಿಮಿಷ! ಹನ್ನೆರಡು ನಿಲ್ದಾಣ, ಹಿಮ ಕೂತ ರಸ್ತೆ, ಒಬ್ಬ ಹುಡುಗಿಯ ಕೈಗವಸು ಬಾಗಿಲಿಗೆ ಸಿಕ್ಕಿಕೊಂಡು ಇನ್ನೂ ಮೂರು ನಿಮಿಷ. ನನಗಂತೂ ಬೆಂಕಿಯ ಮೇಲೆ ಕೂತ ಹಾಗಿತ್ತು. ಅವರು ಇಳಿಯುವ ಒಂದೊಂದು ಮಗುವಿಗೂ ಎಂದಿನಂತೆ, "ಹೋಗಿ ಬಾ ನಮ್ಮಮ್ಮಾ, ಹೋಗಿ ಬಾರಪ್ಪಾ," ಎನ್ನುತ್ತಿದ್ದರು.

ಕೊನೆಯ ಮಗು ಇಳಿಯಿತು. ಬ್ರೇಕು ಹಾಕಿದರು, ಬೀಗದ ಕೈ ತೆಗೆದರು, ಆಮೇಲೆ ಫೋನು. ಹಳದಿಯಾದ ಹಾಳೆ, ವೈದ್ಯರ ಗೀಚು ಬರಹ. ಅದನ್ನು ಸೂಲಗಿತ್ತಿ ಮಾರಿಟ್‌ಗೆ ಕಳಿಸಿದರು. ಇದಿಲ್‌ಳನ್ನು ನೋಡುತ್ತಿರುವ ಆಸ್ಪತ್ರೆಯ ನರ್ಸ್ ಆಕೆ. ಎರಡು ನಿಮಿಷಕ್ಕೆ ಮಾರಿಟ್ ತಾವೇ ಫೋನು ಮಾಡಿದರು.

"ದಹಬೊ, ಕೆಳಗಡೆ, ಅಡ್ಡ ಕೊಯ್ತ. ಒಂದೇ ಹೊಲಿಗೆ, ಶುದ್ಧವಾಗಿದೆ. ಡಾಕ್ಟರಿಗೂ ತೋರಿಸ್ದೆ. ನಾಳೆ ಏಳು ಗಂಟೆದು ರದ್ದು. ಕಾಯೋಣ ಅಂದ್ರು!"

ದಹಬೊ ನಾಲಿಗೆ ಹೊರಳಿಸಿ ಉಲುಲು ಕೂಗಿದರು ನೋಡಿ, ಖಾಲಿ ಬಸ್ಸಿನ ಗಾಜೆಲ್ಲ ಗುಂಯ್‌ಗುಟ್ಟಿತು. ಶಾಲೆಯ ಕಾವಲುಗಾರ ಓಡಿಬಂದ. ನಾನು ಅಳುತ್ತಿದ್ದೆ, ಅದನ್ನು ಬಚ್ಚಿಡುವುದೇಕೆ?

ನೋವು ಶುರುವಾದದ್ದು ಶನಿವಾರ ಮಧ್ಯಾಹ್ನ. ಹದಿನೇಳು ಗಂಟೆ. ಬಾಗಿಲಾಚೆ ಶಸ್ತ್ರಚಿಕಿತ್ಸೆಯ ಕೋಣೆ ಸಿದ್ಧವಾಗಿಯೇ ಇತ್ತು. ಮಗುವಿನ ಎದೆಬಡಿತ ಒಮ್ಮೆ ಇಳಿದಾಗ ವೈದ್ಯರು ಗಡಿಯಾರ ನೋಡಿದರು, ದಹಬೊ ಇದಿಲ್‌ಳನ್ನು ಎಡಕ್ಕೆ ಹೊರಳಿಸಿದರು. ಬಡಿತ ಏರಿತು. "ಆಗಲ್ಲ ಅತ್ತೆ!" ಎಂದು ಇದಿಲ್ ಕಿರುಚಿದರೆ, "ಆಗ್ತಾ ಇದೆ ಕಣೇ, ಮೂರ್ಖಿ, ಆಗ್ತಾನೇ ಇದೆ!" ಎಂದು ದಹಬೊ ಅದಕ್ಕಿಂತ ಜೋರಾಗಿ ಕಿರುಚಿದರು. ಭಾನುವಾರ ಬೆಳಕು ಹರಿಯುವಾಗ ಹೆಣ್ಣು ಮಗು. ಇಬ್ಬರೂ ಕ್ಷೇಮ.

ಲಿಬಾನ್ ಶಿಬಿರದಲ್ಲಿರುವ ಮಾವನಿಗೆ, ಇದಿಲ್‌ಳ ಅಪ್ಪನಿಗೆ, ಫೋನು ಹಚ್ಚಿದ. ಮುದುಕ ಕೇಳಿದ್ದು ಒಂದೇ ಪ್ರಶ್ನೆ: "ಕಿವಿ ಹೇಗಿದೆ?"

ದಹಬೊ ಟೋಪಿ ಸರಿಸಿ ನೋಡಿದರು. "ನಿಮ್ದೇ ಅಣ್ಣ. ಈ ಮಗೂನ ಕಾಗದ ಎಲ್ಲಿದ್ರೂ ಸಿಗುತ್ತೆ."

ಸೋಮವಾರ ಐದೂ ಕಾಲಿಗೆ ನಲವತ್ತೇಳನೇ ಬಸ್ಸು ಮತ್ತೆ ಗುರುಗುಡುತ್ತಿದೆ. ಹೆರಿಗೆಯ ಸುದ್ದಿ ತಲುಪಿದ ಮೇಲೆ ಮುಟಿಂಡಾ ಯಾವಾಗಲೂ ಒಂದು ಕೆಲಸ ಮಾಡುತ್ತಾನೆ. ಆ ಹಳೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಎರಡು ಮಾತು ಬರೆದು ಚಿತ್ರ ಕಳಿಸುತ್ತಾನೆ. ಇವತ್ತಿನದು ಬಂದಿದೆ. "ದೊಡ್ಡಕಿವಿ ಮಗಳು" ಎಂಬ ಶಾಯಿಯ ಸಾಲಿನ ಮಗ್ಗುಲಲ್ಲಿ: "ತಾನೇ ಹೆತ್ತಳು. ಹೆಣ್ಣು. ಅಮೆರಿಕ."

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಚಹಾದ ಮುಚ್ಚಳ ತಿರುಗಿಸುತ್ತಾರೆ.

"ಕಿಸ್ಮಾಯೊದಲ್ಲಿ ನನ್ನ ಸಾಲಿದ್ದ ಪುಸ್ತಕ ಯುದ್ಧದಲ್ಲಿ ಸುಟ್ಟೋಯ್ತು. ಅದು ಹೋಯ್ತು, ಬಿಡು. ಒಂದ್ಸಲ ಗಾರಿಸಾಗೆ ಹೋಗಿ ಆ ಮುಟಿಂಡಾನ ಮುಖ ನೋಡ್ಬೇಕು, ಚಹಾ ಕೊಡ್ಬೇಕು. ಆಮೇಲೆ ಆ ಪೆನ್ಸಿಲ್ ಸಾಲು ಇವೆಯಲ್ಲ, ಒಂದೊಂದನ್ನೂ ಬೆರಳಿಟ್ಟು ಮುಟ್ಟಿ ಬರ್ಬೇಕು."

ಎಂಜಿನ್ ಬಿಸಿಯಾಗಿದೆ. ದಹಬೊ ಫೋನನ್ನು ತಲೆವಸ್ತ್ರದೊಳಕ್ಕೆ ಸಿಕ್ಕಿಸಿಕೊಂಡು ಗೇರು ಹಾಕುತ್ತಾರೆ. "ಪೆನ್ಸಿಲ್ ಅಳಿಸೋಗುತ್ತೆ ಕಣಮ್ಮ," ಎನ್ನುತ್ತಾರೆ, ಕನ್ನಡಿಯಲ್ಲಿ ನನ್ನನ್ನು ನೋಡುತ್ತ. "ಹೋಗುವಾಗ ಅವನಿಗೊಂದು ಶಾಯಿ ಪೆನ್ನು ಒಯ್ತೀನಿ."